ಕೋ ತಿಯನ್‌ಫು ಹೃದಯ ತೊಳೆದದ್ದು

ಜಿಯಾಯಿ ಊರಿನ ಏಳನೇ ಓಣಿಯಲ್ಲಿ ಕೋ ತಿಯನ್‌ಫುವನ್ನು ಬುದ್ಧಿವಂತನೆಂದು ಯಾರೂ ಕರೆದಿರಲಿಲ್ಲ. ದಡ್ಡನೆಂದೂ ಯಾರೂ ಎದುರಿಗೆ ಹೇಳಿರಲಿಲ್ಲ. ಪ್ರಾಥಮಿಕ ಶಾಲೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತ. ಮಕ್ಕಳು ಕಳೆದುಕೊಂಡ ಟೋಪಿ, ಕೊಡೆ, ನೀರಿನ ಬಾಟಲಿಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಇಷ್ಟು ವರ್ಷಗಳಲ್ಲಿ ಅವನ ಸ್ವಂತ ಕೊಡೆಯೇ ಮೂರು ಸಲ ಅಲ್ಲಿಗೆ ಬಂದು ಜಮೆಯಾಗಿತ್ತು.

ಇಂಥ ನಿರುಪದ್ರವಿ ಮನುಷ್ಯನಿಗೂ ಎದೆಯಲ್ಲೊಂದು ಮುಳ್ಳು ನೆಟ್ಟಿತ್ತು. ಅದನ್ನು ನೆಟ್ಟವರು ಅತ್ತೆ.

ಹೊಸವರ್ಷದ ಎರಡನೇ ದಿನ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವುದು ವಾಡಿಕೆ. ಹಿಂದಿನ ವರ್ಷ ಆ ದಿನ ತಿಯನ್‌ಫು ಹೆಂಡತಿ ಯೂಲಾನಳನ್ನು ಕರೆದುಕೊಂಡು ತನ್ನ ಹದಿನೇಳು ವರ್ಷದ ಕಾರಿನಲ್ಲಿ ಬುದೈ ಬಂದರಿಗೆ ಹೋಗಿದ್ದ. ದೇವಸ್ಥಾನಕ್ಕೆ ಹೊರಟಾಗ ಅತ್ತೆ ಅವನ ಕಾರನ್ನೇ ಹತ್ತಿದರು. ಮೊದಲನೇ ತಿರುವಿನಲ್ಲೇ "ನಿಲ್ಲಿಸು" ಎಂದರು.

"ಏನಿದು ವಾಸನೆ? ಇದು ಕಾರಲ್ಲ ಕಣಯ್ಯಾ, ಬಾಣಲೆ! ಇನ್ನೊಂದು ಮೈಲಿ ಹೋದ್ರೆ ನಾನು ಸಿಂಪಿ ವಡೆ ಆಗ್ಬಿಡ್ತೀನಿ."

ಹೀಗೆಂದು ಇಳಿದು, ಹಿಂದೆ ಬರುತ್ತಿದ್ದ ಹಿರಿಯ ಅಳಿಯನ ಹೊಸ ಕಾರನ್ನು ಹತ್ತಿಯೇಬಿಟ್ಟರು. ಷಡ್ಡಕ ಕಿಟಕಿಯಿಂದ ಕೈಬೀಸಿದ್ದು ತಿಯನ್‌ಫುವಿಗೆ ವರ್ಷವಿಡೀ ಕಣ್ಣಿಗೆ ಕಟ್ಟಿದಂತಿತ್ತು. ಆ ಕೈಬೀಸಿನಲ್ಲಿ ಮರುಕವಿತ್ತು. ಮರುಕವನ್ನು ಸಹಿಸಬಹುದು, ಷಡ್ಡಕನ ಮರುಕವನ್ನು ಯಾರು ಸಹಿಸುತ್ತಾರೆ?

ಗುರುವನ್ನು ಹುಡುಕಿದವನಿಗೆ ಗುರು ಸಿಗುತ್ತಾನಂತೆ. ತಿಯನ್‌ಫುವಿಗೆ ಅವನು ಫೋನಿನ ವಿಡಿಯೋ ಒಂದರಲ್ಲಿ ಸಿಕ್ಕಿದ. ಬಿಳಿ ಕೈಗವಸು ತೊಟ್ಟು ಕಾರುಗಳ ಎಂಜಿನ್ ತೊಳೆದು ತೋರಿಸುವ ಮನುಷ್ಯ. ಅವನು ಅಪ್ಪಿತಪ್ಪಿಯೂ "ಎಂಜಿನ್" ಎನ್ನುತ್ತಿರಲಿಲ್ಲ, "ಹೃದಯ" ಎನ್ನುತ್ತಿದ್ದ. "ಗಾಡಿಯ ಮೈ ತೊಳೆಯುವವರು ಸಾವಿರ, ಹೃದಯ ತೊಳೆಯುವವನು ಒಬ್ಬ" ಎಂದು ಅವನು ಹೇಳಿದಾಗ ತಿಯನ್‌ಫುವಿನ ಮೈ ಜುಮ್ಮೆಂದಿತು. ಅದೇ ವಿಡಿಯೋವನ್ನು ಹನ್ನೊಂದು ಸಲ ನೋಡಿದ. ಹನ್ನೆರಡನೇ ಸಲ ಕಣ್ಣುಮುಚ್ಚಿ ಕೇಳಿದ. ಅಂದಿನಿಂದ ಅವನ ಬಾಯಲ್ಲೂ ಎಂಜಿನ್ ಎಂಬ ಪಾಮರ ಪದ ಬರಲಿಲ್ಲ.

ಹೊಸವರ್ಷಕ್ಕೆ ಹತ್ತು ದಿನವಿತ್ತು. ಓಣಿಯ ತುಂಬ ಗುಡಿಸುವ, ಉಜ್ಜುವ, ಚಾಪೆ ಬಡಿಯುವ ಗದ್ದಲ. ಗುರುವಾರ ಬೆಳಿಗ್ಗೆ ತಿಯನ್‌ಫು ಎದುರು ಮನೆಯ ಜಿನ್‌ಜಿ ಅಕ್ಕನ ಹತ್ತಿರ ಹೋದ. ಆಕೆ ಮನೆಮುಂದೆ ಕೋಲಿಗೆ ಹಂದಿಮಾಂಸದ ಸಾಸೇಜುಗಳನ್ನು ಒಣಹಾಕುತ್ತಿದ್ದಳು. ಓಣಿಯ ಸುದ್ದಿಗಳು ಹುಟ್ಟುವುದು ಎಲ್ಲಾದರೂ ಇರಲಿ, ಬೆಳೆಯುವುದು ಆ ಕೋಲಿನ ಕೆಳಗೆ.

"ಅಕ್ಕಾ, ಹಳೇ ಹಲ್ಲುಜ್ಜೋ ಬ್ರಷ್ ಇದ್ರೆ ಎರಡು ಕೊಡ್ತೀರಾ?"

"ಯಾಕೋ ತಮ್ಮಾ?"

"ಭಾನುವಾರ ಒಂಬತ್ತು ಗಂಟೆಗೆ ಹೃದಯ ತೆರೆದು ತೊಳೀತಾ ಇದೀನಿ."

ಜಿನ್‌ಜಿ ಅಕ್ಕನ ಕೈಯಲ್ಲಿದ್ದ ಸಾಸೇಜು ಅಲ್ಲೇ ನಿಂತಿತು.

ಒಂದು ಮಾತನ್ನು ಇಲ್ಲಿ ಹೇಳಿಬಿಡಬೇಕು. ಹೊಸವರ್ಷ ಹತ್ತಿರವಾದಾಗ ರೋಗ, ಆಸ್ಪತ್ರೆ, ಸಾವು ಎಂಬ ಶಬ್ದಗಳನ್ನು ಬಾಯಿಂದ ಹೊರಡಿಸಕೂಡದು ಎಂಬುದು ಆ ಓಣಿಯ ಕಟ್ಟುನಿಟ್ಟು. ಅಪಶಕುನ. ಆ ಶಬ್ದಗಳಲ್ಲಿ ಒಂದನ್ನು ಯಾರಾದರೂ ಆಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಸಂಪ್ರದಾಯಸ್ಥರಾದ್ದರಿಂದ ಯಾರೂ ಆಡಲಿಲ್ಲ.

"ಯಾರ ಕೈಲಿ... ಮಾಡಿಸ್ತಿದೀಯಾ?" ಜಿನ್‌ಜಿ ಅಕ್ಕ ಮೆಲ್ಲಗೆ ಕೇಳಿದಳು.

"ಯಾರ ಕೈಲೂ ಇಲ್ಲ. ನಾನೇ ಮಾಡ್ಕೋತೀನಿ."

"ನೀನೇನಾ!"

"ಯೂಲಾನ್ ಪಕ್ಕದಲ್ಲಿ ಪೈಪು ಹಿಡ್ಕೊಂಡಿರ್ತಾಳೆ. ಹದಿನೆಂಟು ವರ್ಷದಲ್ಲಿ ಒಂದ್ಸಲಾನೂ ತೊಳೆದಿಲ್ಲ ಅಕ್ಕಾ. ಜಿಡ್ಡು ಬೆರಳು ದಪ್ಪ ಕೂತಿದೆ."

"ನಾನು ಬಡ್ಕೊಂಡೆ, ಹಂದಿ ಕೊಬ್ಬು ಕಡಿಮೆ ಮಾಡು, ಕಡಿಮೆ ಮಾಡು ಅಂತ!"

ಅಕ್ಕನಿಗೆ ವಯಸ್ಸಾಗಿ ಮಾತು ಎಲ್ಲೆಲ್ಲಿಗೋ ಹೋಗುತ್ತಿದೆ ಎಂದು ತಿಯನ್‌ಫು ಮನಸ್ಸಿನಲ್ಲೇ ಕನಿಕರಪಟ್ಟ.

"ಅದು... ಬಡಿತಾ ಇರೋವಾಗ್ಲೇ ತೊಳೀತೀಯಾ?"

"ಛೆ ಛೆ! ಪೂರ್ತಿ ನಿಲ್ಲಿಸ್ಬೇಕು. ನಿಂತು ತಣ್ಣಗಾದ ಮೇಲೇನೇ ಕೈ ಹಾಕೋದು. ಬಿಸಿ ಇರೋವಾಗ ನೀರು ಬಿದ್ರೆ ಬಿರುಕು ಬಿಡುತ್ತೆ. ಮೊದ್ಲು ಕರೆಂಟ್ ತಂತಿ ಕಳಚಬೇಕು. ಆಮೇಲೆ ಸೂಕ್ಷ್ಮ ಜಾಗಕ್ಕೆಲ್ಲ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕ್ಬೇಕು. ಸೋಪು ಹೊಡೆದು ಐದು ನಿಮಿಷ ಬಿಟ್ಟು ಬ್ರಷ್‌ನಲ್ಲಿ ಉಜ್ಜಿ ತುಂತುರು ನೀರು. ಜೋರಾಗಿ ಬಿಟ್ರೆ ಮುಗೀತು ಕಥೆ."

"ಮತ್ತೆ... ಶುರು ಆಗ್ದೇ ಹೋದ್ರೆ?"

"ಟೈರ್ ಅಂಗಡಿಯವನಿಗೆ ಹೇಳಿಟ್ಟಿದೀನಿ. ಎರಡು ತಂತಿ ಕಚ್ಚಿಸಿ ಎಬ್ಬಿಸ್ತಾನೆ."

ಜಿನ್‌ಜಿ ಅಕ್ಕ ಒಳಗೆ ಹೋಗಿ ನಾಲ್ಕು ಬ್ರಷ್ ತಂದುಕೊಟ್ಟಳು. ಒಂದೂ ಹಳೆಯದಲ್ಲ, ಡಬ್ಬಿಯನ್ನೂ ಬಿಚ್ಚಿರಲಿಲ್ಲ. "ಹೊಸದ್ರಲ್ಲೇ ಉಜ್ಜು ತಮ್ಮಾ" ಎಂದು ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಅಕ್ಕಪಕ್ಕದವರೆಂದರೆ ಹೀಗಿರಬೇಕು ಎಂದುಕೊಂಡು ತಿಯನ್‌ಫು ಶಾಲೆಗೆ ಹೋದ.

ಅವನು ಶಾಲೆ ಮುಟ್ಟುವ ಹೊತ್ತಿಗೆ ಸುದ್ದಿ ಓಣಿಯ ಎರಡೂ ತುದಿ ಮುಟ್ಟಿತ್ತು.

ಶುಕ್ರವಾರ ಸಂಜೆ ಬಡಾವಣೆಯ ಮುಖ್ಯಸ್ಥ ಲಾಯ್ ಬಂದ. ಎರಡು ಚುನಾವಣೆ ಗೆದ್ದು ಮೂರನೆಯದಕ್ಕೆ ತಯಾರಾಗುತ್ತಿದ್ದ ಮನುಷ್ಯ. ಮಲಗುವಾಗಲೂ ಹಸಿರು ಕೋಟು ಕಳಚುವುದಿಲ್ಲ ಎಂದು ಪ್ರತೀತಿ. ಬಂದವನೇ ತಿಯನ್‌ಫುವಿನ ಎರಡೂ ಕೈ ಹಿಡಿದುಕೊಂಡ.

"ಕೋ ಅವರೇ, ನಮ್ಮ ಬಡಾವಣೆ ನಿಮ್ಮ ಬೆನ್ನಿಗಿದೆ. ಆದ್ರೂ ಒಂದು ಮಾತು. ಇದಕ್ಕೇ ಅಂತ ಕಲಿತೋರು ಇದಾರಲ್ಲ, ಅವರ ಹತ್ರ ಹೋಗಬಾರದಾ?"

"ಕಲಿತೋರಾ?" ತಿಯನ್‌ಫು ನಕ್ಕ. "ನಮ್ಮ ಶಾಲೆಯ ಕಾವಲುಗಾರ ಹೋಗಿದ್ದ. ಇವನು ಕೂತು ಪೇಪರ್ ಓದ್ತಿರಬೇಕಾದ್ರೆ ಮುಚ್ಚಳ ಎತ್ತಿ ರಭಸದ ನೀರು ಬಿಟ್ಟು ಹತ್ತು ನಿಮಿಷದಲ್ಲಿ ಕಳಿಸಿಬಿಟ್ರಂತೆ. ಅವತ್ತಿಂದ ಕೆಮ್ಮು. ಸಿಗ್ನಲ್‌ನಲ್ಲಿ ನಿಂತ್ರೆ ಅಲ್ಲೇ ಬಂದ್."

"ಪಾಪ! ಈಗ ಆತ...?"

"ಚೆನ್ನಾಗಿದಾನೆ. ಹಳೇದನ್ನ ಗುಜರಿಗೆ ಹಾಕಿ ಹೊಸದು ತಗೊಂಡ."

ಮನುಷ್ಯರ ಹೃದಯ ಗುಜರಿಗೆ ಹೋಗುವ ಊರಿಗೆ ತಾನು ಮುಖ್ಯಸ್ಥನಾಗಿರುವುದು ಲಾಯ್‌ಗೆ ಆವತ್ತೇ ಗೊತ್ತಾದದ್ದು.

"ಭಯ ಆಗಲ್ವಾ ನಿಮಗೆ?"

"ಭಯ ಯಾಕೆ? ಇದೇ ಸರಿಹೋದ್ರೆ, ಮುಂದಿನ ವಾರ ಯೂಲಾನಳ ಸ್ಕೂಟರಿಗೂ ಮಾಡ್ತೀನಿ" ಎನ್ನಬೇಕೆಂದಿದ್ದ ತಿಯನ್‌ಫು, ಗುರುವಿನ ಶೈಲಿ ನೆನಪಾಗಿ, "ಇದು ಸರಿಹೋದ್ರೆ ಮುಂದಿನ ವಾರ ಯೂಲಾನಳದ್ದು ಮಾಡ್ತೀನಿ" ಎಂದ. "ನಿಮ್ಮದೂ ಬೇಕಾದ್ರೆ ತನ್ನಿ."

ಲಾಯ್ ಕೈಬಿಡಿಸಿಕೊಂಡು, ಎದೆಯ ಗುಂಡಿ ಹಾಕಿಕೊಳ್ಳುತ್ತ ಹೊರಬಿದ್ದ.

ಶನಿವಾರ ಬೆಳಿಗ್ಗೆಯಿಂದ ಊಟಗಳು ಬರತೊಡಗಿದವು. ಮೂಲೆಮನೆಯವರು ಕೋಳಿರಸ ಕಳಿಸಿದರು, ಶಕ್ತಿಗೆ. ಔಷಧಿ ಬೇರಿನ ಅಂಗಡಿಯವಳು ಕರಿಎಳ್ಳೆಣ್ಣೆಯ ಸಾರು ಕೊಟ್ಟಳು. ಗ್ರಹಚಾರ ಕಳೆಯಲೆಂದು ಹಂದಿಕಾಲಿನ ಶಾವಿಗೆ ಐದು ಮನೆಯಿಂದ ಬಂತು. ಕೊಟ್ಟವರೆಲ್ಲ "ಇವತ್ತೇ ತಿಂದುಬಿಡಿ" ಎಂದರು. "ಹೌದು, ನಾಳೆ ಪುರಸೊತ್ತಿರಲ್ಲ" ಎಂದು ತಿಯನ್‌ಫು ಉತ್ತರಿಸಿದ. ಅವರು ಮುಖ ತಿರುಗಿಸಿಕೊಂಡು ಹೋದರು. ಈ ಓಣಿಯಲ್ಲಿ ವಿದ್ಯೆಗೆ ಇಷ್ಟು ಬೆಲೆಯಿದೆಯೆಂದು ತಿಳಿಯದೆ ಇಷ್ಟು ವರ್ಷ ಬದುಕಿದೆನಲ್ಲ ಎಂದು ಅವನು ಮೂರನೇ ಬಟ್ಟಲು ಶಾವಿಗೆ ಬಡಿಸಿಕೊಂಡ.

ಬೆಳಗಿನ ತಿಂಡಿ ಅಂಗಡಿಯಲ್ಲಿ ದುಡಿಯುತ್ತಿದ್ದ ಯೂಲಾನಳಿಗೂ ಅದೇ ಅನುಭವ. ಮೊಟ್ಟೆರೊಟ್ಟಿ ತಗೊಂಡ ಗಿರಾಕಿಗಳೆಲ್ಲ ಅವಳ ಮುಖವನ್ನೇ ನೋಡಿ, "ಧೈರ್ಯವಾಗಿರಮ್ಮಾ, ಕಾಲ ಎಲ್ಲಾನೂ ಸರಿಮಾಡುತ್ತೆ" ಎನ್ನುತ್ತಿದ್ದರು. ಅವಳು ಹಿಂದಿನ ದಿನವಷ್ಟೇ ಕೂದಲು ಗುಂಗುರು ಮಾಡಿಸಿಕೊಂಡಿದ್ದಳು. ಅಷ್ಟು ಕೆಟ್ಟದಾಗಿದೆಯೇ ಎಂದು ಮನೆಗೆ ಬಂದು ಕನ್ನಡಿ ಮುಂದೆ ಅತ್ತಳು.

ಆ ಸಂಜೆ ಲಾಯ್ ಬಡಾವಣೆಯ ಧ್ವನಿವರ್ಧಕದಲ್ಲಿ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಏಳನೇ ಓಣಿಯ ನಿವಾಸಿಗಳ ಗಮನಕ್ಕೆ! ನಾಳೆ ಒಂಬತ್ತು ಗಂಟೆಗೆ ಕೋ ತಿಯನ್‌ಫು ಅವರ ಹೃದಯಕ್ಕೆ ಸಂಬಂಧಿಸಿದ ಕಾರ್ಯ ಇರೋದ್ರಿಂದ ಯಾರೂ ಪಟಾಕಿ ಹೊಡೀಬೇಡಿ, ಗಾಡಿ ಅಡ್ಡ ನಿಲ್ಲಿಸ್ಬೇಡಿ..." ತಿಯನ್‌ಫು ಕಿಟಕಿಯಲ್ಲಿ ನಿಂತು ಗದ್ಗದಿತನಾದ. ಮುಂದಿನದು ರಕ್ತದ ಗುಂಪಿನ ವಿಚಾರ. ಅಷ್ಟರಲ್ಲಿ ಕಸದ ಲಾರಿ ತನ್ನ ಸಂಗೀತ ನುಡಿಸುತ್ತ ಬಂತು. ಓಣಿಗೆ ಓಣಿಯೇ ಕಸದ ಚೀಲ ಹಿಡಿದು ಓಡಿತು, ತಿಯನ್‌ಫುವೂ ಓಡಿದ. ರಕ್ತದ ಮಾತು ಕಸದ ಸಂಗೀತದಲ್ಲಿ ಕರಗಿಹೋಯಿತು.

ಭಾನುವಾರ ಬೆಳಿಗ್ಗೆ ತಿಯನ್‌ಫು ಕಾರು ನಿಲ್ಲಿಸುವ ಮುಂಗೋಣೆಯ ಶಟರನ್ನು ಪೂರ್ತಿ ಕೆಳಗೆಳೆದ. ಬಿಸಿಲು ಬಿದ್ದರೆ ಸೋಪು ಒಣಗಿ ಕಲೆಯಾಗುತ್ತದೆಂಬುದು ಗುರುವಾಕ್ಯ. ತನ್ನ ಗುಂಗುರು ಕೂದಲನ್ನು ಯಾರೂ ನೋಡಬಾರದೆಂಬುದು ಯೂಲಾನಳ ಇಂಗಿತ. ಮೇಲಿನ ಗಾಳಿಕಿಂಡಿ ಮಾತ್ರ ತೆರೆದಿತ್ತು.

ಒಂಬತ್ತಕ್ಕೆ ಶಟರಿನ ಹೊರಗೆ ನಲವತ್ತು ಜನ ಸೇರಿದ್ದರು. ಲಾಯ್ ಎಲ್ಲಿಂದಲೋ ಸ್ಟ್ರೆಚರ್ ತಂದಿದ್ದ. ಎಲ್ಲರೂ ಕಿವಿ ಶಟರಿಗೆ ಹಚ್ಚಿದರು.

"ತಣ್ಣಗಾಗಿದೆಯಾ ನೋಡು," ತಿಯನ್‌ಫುವಿನ ದನಿ.

"ಹೂಂ, ಹೆಣದ ಹಾಗಿದೆ," ಯೂಲಾನಳ ದನಿ.

ಹೊರಗೆ ಯಾರೋ "ಅಪಶಕುನ!" ಎಂದು ನೆಲಕ್ಕೆ ಉಗಿದರು.

"ಕರೆಂಟು ಕಿತ್ತೆ. ಚೀಲ ಕೊಡು. ಒಂದು... ಎರಡು... ಐದು. ನೆನಪಿಟ್ಕೋ, ಐದು. ತೆಗೆಯೋವಾಗ ಒಂದು ಒಳಗೇ ಉಳಿದ್ರೆ ಪ್ರಾಣಕ್ಕೆ ಬರುತ್ತೆ. ಈಗ ಸೋಪು."

ಚಿಸ್ ಚಿಸ್ ಎಂಬ ಸದ್ದು. ಆಮೇಲೆ ಕರಕರ ಉಜ್ಜುವ ಸದ್ದು. ಜಿನ್‌ಜಿ ಅಕ್ಕ ತನ್ನ ಬ್ರಷ್ಷಿನ ಸದ್ದೆಂದು ಗುರುತಿಸಿ ಎದೆ ಹಿಡಿದುಕೊಂಡಳು.

"ಅಯ್ಯಯ್ಯೋ, ಎಷ್ಟು ಕಪ್ಪುರೀ!"

"ನಾನು ಹೇಳ್ಲಿಲ್ವಾ? ಮೂಲೆ ನೋಡು. ಒಣಗಿದ ಎಲೆ. ಇದೇನಿದು? ಯೂಲಾನ್, ಇಲಿ ಗೂಡು ಕಣೇ! ಒಳಗೊಂದು ಕೋಳಿಮೂಳೆ!"

ಅದೇ ಹೊತ್ತಿಗೆ ಟೈರ್ ಅಂಗಡಿಯವನು, ಮೊಸಳೆಬಾಯಿಯ ಕೊಕ್ಕೆಗಳಿದ್ದ ಎರಡು ದಪ್ಪ ತಂತಿಗಳನ್ನು ಹೆಗಲಿಗೆ ಹಾಕಿಕೊಂಡು ಬಂದ. "ಏನು, ಇನ್ನೂ ಎದ್ದಿಲ್ವಾ? ಕಚ್ಚಿಸ್ಲಾ?" ಎಂದು ಕೇಳಿದ. ಇಬ್ಬರು ಹೆಂಗಸರು ಅಲ್ಲೇ ಕುಸಿದರು. ಸ್ಟ್ರೆಚರ್ ಅವರಿಗೆ ಉಪಯೋಗಕ್ಕೆ ಬಂತು.

ಆಗ ಜನರನ್ನು ಮೊಣಕೈಯಿಂದ ಸರಿಸುತ್ತ ಒಬ್ಬ ಮುದುಕಿ ಬಂದಳು. ಮೊಣಕಾಲುದ್ದದ ರಬ್ಬರ್ ಬೂಟು, ಬಿದಿರಿನ ಟೋಪಿ, ಒಂದು ಕೈಯಲ್ಲಿ ನೀರಿನ ಚೀಲದೊಳಗೆ ಒದ್ದಾಡುವ ಜೀವಂತ ಮೀನು, ಇನ್ನೊಂದರಲ್ಲಿ ಸಮುದ್ರದೇವತೆಯ ಗುಡಿಯ ಕೆಂಪು ತಾಯತ. ಬುದೈಯಿಂದ ಮೊದಲನೇ ಬಸ್ಸು ಹಿಡಿದು ಬಂದ ಅತ್ತೆ. ಪ್ರತಿ ಚಳಿಗಾಲ ಆಕೆಯಿಂದ ಸಿಂಪಿ ತರಿಸುತ್ತಿದ್ದ ಜಿನ್‌ಜಿ ಅಕ್ಕ ಹಿಂದಿನ ದಿನ ಫೋನಿನಲ್ಲಿ, ಕೆಟ್ಟ ಶಬ್ದ ಒಂದನ್ನೂ ಬಳಸದೆ, "ನಿಮ್ಮ ಅಳಿಯ... ಹೃದಯ... ಹಲ್ಲುಜ್ಜೋ ಬ್ರಷ್ಷು..." ಎಂದಷ್ಟೇ ಹೇಳಿ ಬಿಕ್ಕಿದ್ದಳು.

ಅಷ್ಟರಲ್ಲಿ ಒಳಗೆ ತುಂತುರು ನೀರಿನ ಸದ್ದಾಗಿ, ಚೀಲ ಬಿಚ್ಚಿದ ಸರಬರವೂ ಕೇಳಿ, ಮತ್ತೆ ಕರಕರ ಶುರುವಾಗಿತ್ತು. ಅತ್ತೆ ಶಟರಿಗೆ ಧಡಧಡ ಗುದ್ದಿದರು.

"ತಿಯನ್‌ಫು! ನಿಲ್ಸೋ! ಕೈ ತೆಗಿ ಅಲ್ಲಿಂದ!"

ಒಳಗಿನ ಕರಕರ ನಿಂತಿತು.

"ಮೂರ್ಖಾ! ಯಾಕೆ ಹೀಗೆ ಮಾಡ್ಕೋತಿದೀಯಾ? ನಾನು ಅಂದ ಮಾತಿಗಾ? ನನ್ನ ನಾಲಿಗೆ ಸಿಂಪಿ ಚಿಪ್ಪು ಅಂತ ಬಂದರಿಗೆಲ್ಲ ಗೊತ್ತು, ನಿಂಗೊಬ್ಬನಿಗೆ ಗೊತ್ತಿಲ್ವಾ?" ಮುದುಕಿಯ ದನಿ ಒಡೆಯಿತು. "ನಿಮ್ಮ ಮಾವ ಎರಡು ವರ್ಷ ಹಾಸಿಗೆ ಹಿಡಿದಿದ್ರಲ್ಲ. ದೊಡ್ಡ ಅಳಿಯ ಹಣ್ಣಿನ ಬುಟ್ಟಿ ಕಳಿಸ್ತಿದ್ದ, ರಿಬ್ಬನ್ ಕಟ್ಟಿ. ನೀನು ಪ್ರತಿ ಭಾನುವಾರ ಬಂದು ಅವರ ಕಾಲುಗುರು ಕತ್ತರಿಸ್ತಿದ್ದೆ. ನಾನು ಬಾಗ್ಲಲ್ಲಿ ನಿಂತು ನೋಡ್ತಿದ್ದೆ. ಒಂದಿನಾನೂ ಹೇಳ್ಲಿಲ್ಲ. ನಂಗೆ ಹೇಳೋಕೆ ಬರಲ್ಲ. ನೀನು ಒಳ್ಳೆಯವನು ಕಣೋ! ನನ್ನ ಮಗಳಿಗೆ ನಿನಗಿಂತ ಒಳ್ಳೆಯವನು ಸಿಗ್ತಿರಲಿಲ್ಲ. ಕೇಳ್ತಾ? ಬಾಣಲೆಯಾದ್ರೂ ಸರಿ, ನಿನ್ನ ಕಾರಲ್ಲೇ ಕೂರ್ತೀನಿ. ಬಾಗ್ಲು ತೆಗೀ!"

ಚೀಲದಲ್ಲಿ ಮೀನೊಂದೇ ಚಡಪಡಿಸುತ್ತಿತ್ತು.

ಶಟರು ಕಿರ್ರೆಂದು ಮೇಲೇರಿತು. ತಿಯನ್‌ಫು ನಿಂತಿದ್ದ. ಮೈತುಂಬ ಪ್ಲಾಸ್ಟಿಕ್ಕಿನ ಮಳೆಯಂಗಿ, ಮುಖವೆಲ್ಲ ಮಸಿ, ಆ ಮಸಿಯಲ್ಲಿ ಕಣ್ಣೀರು ಎರಡು ಬಿಳಿ ಕಾಲುದಾರಿ ಕೊರೆದಿತ್ತು. ಕೈಯಲ್ಲಿ ಹಲ್ಲುಜ್ಜುವ ಬ್ರಷ್. ಹಿಂದೆ ಯೂಲಾನ್ ಅಮ್ಮನನ್ನು ಕಂಡ ಗಾಬರಿಯಲ್ಲಿ ಪೈಪು ಮೇಲೆತ್ತಿದಳು. ತುಂತುರು ನೇರವಾಗಿ ಮುಖ್ಯಸ್ಥ ಲಾಯ್‌ನ ಹಸಿರು ಕೋಟಿಗೆ ಬಿತ್ತು.

ಜಿನ್‌ಜಿ ಅಕ್ಕ ನುಗ್ಗಿ ಬಂದು ತಿಯನ್‌ಫುವಿನ ಮಳೆಯಂಗಿ ಎತ್ತಿ ಎದೆ ತಡಕಿದಳು. "ಎಲ್ಲಿ? ಹೊಲಿಗೆ ಎಲ್ಲಿ ಹಾಕ್ದೆ?"

"ಯಾವ ಹೊಲಿಗೆ ಅಕ್ಕಾ?"

"ಹೃದಯ ಕಣೋ! ಹೃದಯ ಎಲ್ಲಿ?"

"ಇಲ್ಲೇ ಇದೆಯಲ್ಲ," ಎಂದು ತಿಯನ್‌ಫು ಪಕ್ಕಕ್ಕೆ ಸರಿದು, ಎತ್ತಿನಿಲ್ಲಿಸಿದ ಬಾನೆಟ್ಟಿನ ಕೆಳಗೆ ಕೈತೋರಿಸಿದ.

ನಲವತ್ತು ಜನ ಬಗ್ಗಿ ನೋಡಿದರು. ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಆದದ್ದನ್ನು ವರ್ಣಿಸುವುದು ಕಷ್ಟ. ಅರ್ಧ ಓಣಿ ನಗುತ್ತಿತ್ತು, ಇನ್ನರ್ಧ ಪಾತ್ರೆ ಲೆಕ್ಕ ಕೇಳುತ್ತಿತ್ತು.

"ನನ್ನ ಕೋಳಿರಸ! ಮೂರು ಗಂಟೆ ಕುದಿಸಿದ್ದೆ!"

"ನೀವೇ ತಿನ್ನಿ ಅಂದ್ರಲ್ಲ..."

"ಸ್ಟ್ರೆಚರ್ ತರೋಕೆ ನಾನು ಅರ್ಜಿ ಬರ್ಕೊಟ್ಟಿದೀನಿ!" ಲಾಯ್ ಕೋಟು ಹಿಂಡುತ್ತ ಕೂಗಿದ. "ಕಾರಣ ಅಂತ ಏನು ತುಂಬಲಿ ಈಗ?"

"ಅಮ್ಮಾ, ಈ ಮೀನು?" ಎಂದಳು ಯೂಲಾನ್.

"ಗಾಯ ಮಾಯಲಿ ಅಂತ ತಂದಿದ್ದು. ಗಾಯ ಇಲ್ಲದೋನಿಗೆ ಯಾಕೆ?"

ತಿಯನ್‌ಫು ತಕ್ಷಣ ಬಲಗೈ ಮುಂದೆ ಮಾಡಿದ. ಬೋಲ್ಟಿಗೆ ತಾಗಿ ಗೆಣ್ಣು ತರಚಿ, ಸಾಸಿವೆಯಷ್ಟು ರಕ್ತ ಬಂದಿತ್ತು. "ಇದೆ ಅತ್ತೆ."

ಅತ್ತೆ ಅದನ್ನು ನೋಡಲಿಲ್ಲ. ಅವರ ದೃಷ್ಟಿ ಬಾನೆಟ್ಟಿನ ಕೆಳಗೆ ನೆಟ್ಟಿತ್ತು. ನಲವತ್ತು ವರ್ಷ ಮೋಟಾರು ದೋಣಿಯಲ್ಲಿ ಸಿಂಪಿ ತೋಟಕ್ಕೆ ಹೋಗಿಬಂದ ಹೆಂಗಸು ಆಕೆ. ನಡುನೀರಿನಲ್ಲಿ ಕೆಟ್ಟ ಮೋಟಾರನ್ನು ಎಷ್ಟೋ ಸಲ ಬೈದೇ ಎಬ್ಬಿಸಿದ್ದರು. ಮೀನನ್ನು ಮಗಳ ಕೈಗೆ ಕೊಟ್ಟು ಬಗ್ಗಿದರು. ಕೊಳವೆಗಳು ಹೊಸದರಂತೆ ಕಪ್ಪಗೆ ಮಿನುಗುತ್ತಿದ್ದವು. ಲೋಹದ ಮೈಯಲ್ಲಿ ಮುಖ ಕಾಣುತ್ತಿತ್ತು. ಹದಿನೆಂಟು ವರ್ಷದ ಕೊಳೆಯಲ್ಲಿ ಉಗುರಷ್ಟೂ ಉಳಿದಿರಲಿಲ್ಲ.

"ಚೀಲ ಎಷ್ಟು ಕಟ್ಟಿದ್ದೆ?"

"ಐದು."

"ತೆಗೆದದ್ದು?"

ತಿಯನ್‌ಫು ಎಣಿಸಿದ. ನಾಲ್ಕು. ಅತ್ತೆ ಕೆಳಗೆ ಕೈ ತೂರಿಸಿ, ಕರೆಂಟು ಹುಟ್ಟಿಸುವ ಡೈನಮೋಗೆ ಸುತ್ತಿದ್ದ ಐದನೆಯದನ್ನು ಎಳೆದು ತೆಗೆದರು. ಒದ್ದೆ ಉಳಿದ ಕಡೆಯೆಲ್ಲ ಯೂಲಾನಳ ಕೂದಲು ಒಣಗಿಸುವ ಯಂತ್ರದಿಂದ ಗಾಳಿ ಬಿಡಿಸಿದರು. ಬ್ಯಾಟರಿಯ ತಂತಿಯನ್ನು ತಾವೇ ಸಿಕ್ಕಿಸಿ, "ತಿರುಗಿಸು" ಎಂದರು.

ತಿಯನ್‌ಫು ಒಳಗೆ ಕೂತು ಕೀಲಿ ತಿರುಗಿಸಿದ. ಕಾರು ಒಮ್ಮೆ ಕೆಮ್ಮಿ, ಮರುಕ್ಷಣವೇ ಮೃದುವಾಗಿ ಗುನುಗತೊಡಗಿತು. ಓಣಿಯವರು ಸಿಟ್ಟು ಮರೆತು ಚಪ್ಪಾಳೆ ತಟ್ಟಿದರು. ತನ್ನ ತಂತಿಗಳಿಗೆ ಕೆಲಸವಿಲ್ಲದ್ದಕ್ಕೆ ಟೈರ್ ಅಂಗಡಿಯವನೊಬ್ಬನಿಗೇ ಕೊಂಚ ನಿರಾಸೆಯಾಯಿತು.

ಐದು ನಿಮಿಷ ಓಡಿದ ಮೇಲೆ ಅತ್ತೆ ಬೆರಳು ತೋರಿಸಿದರು. ಹೊಳೆಯುವ ಲೋಹದ ಮೇಲೆ ಕೂದಲೆಳೆಯಷ್ಟು ಸಣ್ಣ ಎಣ್ಣೆಗೆರೆ ಇಳಿಯುತ್ತಿತ್ತು.

"ನೋಡು, ಇದೇ ಕಳ್ಳ. ಮೇಲಿನ ಮುಚ್ಚಳದ ರಬ್ಬರ್ ಗಟ್ಟಿಯಾಗಿದೆ, ಎಣ್ಣೆ ಜಾರಿ ಬಿಸಿ ಕೊಳವೆ ಮೇಲೆ ಬಿದ್ದು ಸುಡ್ತಿದೆ. ಕೊಳೆ ಇದ್ದಿದ್ರೆ ಬ್ರಹ್ಮನಿಗೂ ಕಾಣ್ತಿರಲಿಲ್ಲ. ತೊಳೆದದ್ದಕ್ಕೆ ಸಿಕ್ತು. ನಾಳೆ ಹೊಸ ರಬ್ಬರ್ ಹಾಕ್ಸು. ಈಗ ಆರಿಸು, ತಣ್ಣಗಾಗ್ಲಿ, ಆಮೇಲೆ ಸದ್ಯಕ್ಕೆ ಬೋಲ್ಟ್ ಬಿಗಿಮಾಡ್ತೀನಿ."

ತಣ್ಣಗಾಗುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ಓಣಿಯ ಮಧ್ಯೆ ಮೇಜುಗಳು ಬಂದವು. ಮೀನು ಶುಂಠಿ ಹಾಕಿ ಸಾರಾಯಿತು. ಐದು ಮನೆಯ ಹಂದಿಕಾಲಿನ ಶಾವಿಗೆಯಲ್ಲಿ ಉಳಿದಷ್ಟನ್ನೂ ಬಿಸಿಮಾಡಿದರು. ಯಾರದ್ದು ರುಚಿ ಎಂಬ ಜಗಳದಲ್ಲಿ ಹೃದಯದ ವಿಷಯ ಹಿಂದೆ ಸರಿಯಿತು. ಸ್ಟ್ರೆಚರಿನ ಮೇಲೆ ಲಾಯ್‌ನ ಕೋಟು ಒಣಗುತ್ತಿತ್ತು. ಯಾರೋ ಯೂಲಾನಳಿಗೆ "ಕೂದಲು ಚೆನ್ನಾಗಿದೆ, ಎಲ್ಲಿ ಮಾಡಿಸ್ದೆ?" ಎಂದು ಕೇಳಿದರು. ಅವಳು ಎರಡು ದಿನಗಳಲ್ಲಿ ಮೊದಲ ಸಲ ನಕ್ಕಳು.

ಊಟ ಮುಗಿಸಿ ಅತ್ತೆ ಮತ್ತೆ ಬಾನೆಟ್ಟಿನ ಕೆಳಗೆ ಬಗ್ಗಿದರು. ತಿಯನ್‌ಫು ಪಕ್ಕದಲ್ಲಿ ಬಗ್ಗಿದ. ಇಬ್ಬರ ತಲೆಯೂ ಒಳಗಿತ್ತು, ಓಣಿಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ. ಅವನು ಮೆಲ್ಲಗೆ ಕೇಳಿದ:

"ಅತ್ತೆ, ಆಗ ಶಟರ್ ಹೊರಗಿಂದ ನೀವು ಹೇಳಿದ್ರಲ್ಲ..."

"ಹೇಳ್ದೆ. ಹೋಗಿಬಿಡ್ತೀಯ ಅಂತ ಹೇಳ್ದೆ. ನೀನು ನೋಡಿದ್ರೆ ಗುಂಡುಕಲ್ಲಿನ ಹಾಗೆ ಇದೀಯ."

"ಹಾಗಾದ್ರೆ ವಾಪಸ್ ತಗೋತೀರಾ?"

ಅತ್ತೆ ಒಂದು ಬೋಲ್ಟನ್ನು ಬೆರಳಿನಿಂದ ಅಲುಗಾಡಿಸಿ ನೋಡಿದರು.

"ನಲವತ್ತು ಜನ ಕೇಳಿದಾರೆ. ಹೇಗೆ ತಗೊಳ್ಳೋದು? ಹತ್ತನೇ ನಂಬರ್ ಸ್ಪ್ಯಾನರ್ ಕೊಡು."

ತಿಯನ್‌ಫು ಪೆಟ್ಟಿಗೆಯಲ್ಲಿ ತಡಕಿ, ಆರಿಸಿ, ಒರೆಸಿ, ಎರಡೂ ಕೈಯಿಂದ ಕೊಟ್ಟ. ಅದು ಹನ್ನೆರಡನೇ ನಂಬರಿನದು. ಅತ್ತೆ ಅದನ್ನು ನೋಡಿದರು, ಅಳಿಯನ ಮಸಿಮುಖವನ್ನು ನೋಡಿದರು, ಒಂದು ಬೈಗುಳವೂ ಇಲ್ಲದೆ ಪಕ್ಕಕ್ಕಿಟ್ಟು, ಕೈಚಾಚಿ ಹತ್ತನೆಯದನ್ನು ತಾವೇ ತೆಗೆದುಕೊಂಡರು.